ವ್ಯಾನಿನಲ್ಲಿ ಹೋಗುವ ಮಗಳಿಗೆ ದಾರಿ ಗೊತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾವು ಹಾಸನದಲ್ಲಿದ್ದೇವೆ. ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಒಂದನೇ ಕ್ಲಾಸಿನಿಂದಲೂ ಶಾಲೆಯ ವ್ಯಾನಿನಲ್ಲೇ ಹೋಗಿ ಬರುತ್ತಾಳೆ. ಮೊನ್ನೆ ಆಲೂರಿನ ಕಡೆಯಿಂದ ಬಂದ ನಮ್ಮ ಮಾವನವರು 'ನಿನ್ನ ಸ್ಕೂಲಿಗೆ ದಾರಿ ಹೇಳು ಪುಟ್ಟಿ, ನಾಳೆ ನಾನೇ ಬಂದು ಕರ್ಕೊಂಡು ಬರ್ತೀನಿ' ಅಂದರು. ಅವಳಿಗೆ ಹೇಳೋಕೆ ಆಗಲಿಲ್ಲ. ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್ ಕೂಡ ಇಲ್ಲ. ಅವಳ ವಯಸ್ಸಿನಲ್ಲಿ ನಾನು ಹಳ್ಳಿಯಿಂದ ನಡೆದೇ ಹೋಗುತ್ತಿದ್ದೆ, ದಾರಿಯ ಪ್ರತಿ ಮರ ಗೊತ್ತಿತ್ತು. ಇದು ಚಿಂತೆ ಮಾಡುವಂಥ ವಿಷಯವಾ? ಈ ಟ್ರಾಫಿಕ್ಕಿನಲ್ಲಿ ನಡೆಸಿ ಕಳಿಸೋಕೂ ಧೈರ್ಯ ಇಲ್ಲ.

ಉತ್ತರ: ನಿಮ್ಮ ಮಾವನವರು ಕೇಳಿದ್ದು ಸುಲಭದ ಪ್ರಶ್ನೆ ಅಲ್ಲ. ದಾರಿ ಗೊತ್ತಿರೋದು ಬೇರೆ, ದಾರಿ ಹೇಳೋಕೆ ಬರೋದು ಬೇರೆ. ಎಷ್ಟೋ ದೊಡ್ಡವರೇ 'ಬನ್ನಿ, ತೋರಿಸ್ತೀನಿ' ಅಂತ ಎದ್ದು ಹೊರಡುತ್ತಾರೆ, ಬಾಯಲ್ಲಿ ಹೇಳಲಾರರು. ಹಾಗಾಗಿ ಮಗಳಿಗೆ ಏನೂ ಗೊತ್ತಿಲ್ಲ ಅಂತ ಈಗಲೇ ತೀರ್ಮಾನಕ್ಕೆ ಬರಬೇಡಿ. ಒಂದು ದೊಡ್ಡ ಹಾಳೆ, ಪೆನ್ಸಿಲ್ ಕೊಡಿ. 'ಮನೆಯಿಂದ ಸ್ಕೂಲಿಗೆ ಹೋಗೋದನ್ನ ಬರಿ' ಅನ್ನಿ. ಅರ್ಧ ಗಂಟೆ ಆ ಕಡೆ ತಲೆ ಹಾಕಬೇಡಿ.

ಭೂಗೋಳ ಹೇಗೆ ಕಲಿಸಬೇಕು ಅಂತ ಶಿಕ್ಷಕರಿಗೆ ಹೇಳಿಕೊಡೋದು ಬಹಳ ವರ್ಷ ನನ್ನ ಕೆಲಸವಾಗಿತ್ತು. ಹಾಸನ, ಚಿಕ್ಕಮಗಳೂರು ಜಿಲ್ಲೆಯ ಶಾಲೆಗಳಿಗೆ ಹೋದಾಗಲೆಲ್ಲ ಮಕ್ಕಳ ಕೈಲಿ ಈ ಚಿತ್ರ ಬರೆಸೋದು ಒಂದು ಚಟವೇ ಆಗಿಹೋಯಿತು. ವ್ಯಾನಿನಲ್ಲಿ ಬರುವ ಮಕ್ಕಳ ಚಿತ್ರ ಹೆಚ್ಚುಕಡಿಮೆ ಒಂದೇ ತರ ಇರುತ್ತಿತ್ತು. ಒಂದು ಮೂಲೆಯಲ್ಲಿ ಮನೆ, ಇನ್ನೊಂದು ಮೂಲೆಯಲ್ಲಿ ಶಾಲೆ, ನಡುವೆ ಸ್ಕೇಲ್ ಇಟ್ಟು ಎಳೆದ ಗೆರೆ. ಗೆರೆಯ ಮೇಲೆ ಹಳದಿ ವ್ಯಾನು. ವ್ಯಾನಿನ ಒಳಗೆ ಮಾತ್ರ ಭಾರೀ ವಿವರ. ಯಾರು ಯಾವ ಸೀಟು, ಡ್ರೈವರಣ್ಣನ ಮುಂದೆ ಯಾವ ದೇವರ ಫೋಟೊ, ಎಲ್ಲ ಇರುತ್ತಿತ್ತು. ಒಬ್ಬ ಹುಡುಗ ಮಾತ್ರ ಗೆರೆಯ ಮೇಲೆ ಏಳು ಸಣ್ಣ ಗುಬುಟು ಹಾಕಿದ್ದ. 'ಏನಪ್ಪಾ ಇದು, ಗುಡ್ಡಾನಾ?' ಅಂದೆ. 'ಅಲ್ಲ ಸಾರ್, ಹಂಪು' ಅಂದ. ಅವನಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿರಲಿಲ್ಲ. ನಡುವೆ ಕೂತು, ಕೂತ ಜಾಗದಲ್ಲೇ ದಾರಿ ಎಣಿಸಿದ್ದ. ಕುತೂಹಲಕ್ಕೆ ನಾನೂ ಆ ದಾರಿಯಲ್ಲಿ ಸ್ಕೂಟರಿನಲ್ಲಿ ಹೋಗಿ ನೋಡಿದೆ. ಏಳೇ ಇದ್ದವು.

ಇನ್ನೊಂದು ಚಿತ್ರದ ಕತೆ ಹೇಳಲೇಬೇಕು. ಅದರಲ್ಲಿ ತಪ್ಪು ನನ್ನದು. ಸಕಲೇಶಪುರದ ಕಡೆಯ ಒಂದು ಸಣ್ಣ ಶಾಲೆ. ಐದನೇ ಕ್ಲಾಸಿನ ಹುಡುಗಿ, ಕಾಫಿ ತೋಟದ ಲೈನ್ ಮನೆಯಿಂದ ನಡೆದು ಬರುವವಳು. ಅವಳ ಚಿತ್ರ ಹಾಳೆಯ ಹಿಂಬದಿಗೂ ಹೋಗಿತ್ತು. ಲೈನ್ ಮನೆ, ನಲ್ಲಿ, ತೋಟದ ಉಣಗೋಲು, ತುದಿ ಮುರಿದ ಸಿಲ್ವರ್ ಮರ, ಮೋರಿ, ಮೋರಿಯೊಳಗೆ ಏಡಿ. ಆಮೇಲೆ ಒಂದು ಹೆಂಚಿನ ಮನೆ, ಅದರ ಮುಂದೆ ನಾಯಿ. ನಾಯಿ ಮನೆಗಿಂತ ದೊಡ್ಡದು. ಆ ಮನೆಯಿಂದ ಮುಂದಿನ ತಿರುವಿನವರೆಗೆ ಅರ್ಧ ಪುಟ. ತಿರುವಿನಿಂದ ಶಾಲೆಗೆ ಎರಡು ಬೆರಳು. ನಾನು ಕೆಂಪು ಪೆನ್ನು ತೆಗೆದು 'ಅಳತೆ ತಪ್ಪು' ಅಂತ ಬರೆದೆ. ಅವಳು ಏನೂ ಅನ್ನಲಿಲ್ಲ.

ಅವತ್ತು ಸಂಜೆ ನನ್ನ ಬಸ್ಸು ತಡ ಇತ್ತು. ಸುಮ್ನೆ ಕೂರೋದು ಯಾಕೆ ಅಂತ ಅವಳ ಜೊತೆಗೇ ಹೊರಟೆ. ಶಾಲೆಯಿಂದ ತಿರುವಿನವರೆಗೆ ನಿಜಕ್ಕೂ ದೂರ. ಆದರೆ ಅವಳು ಏನೇನೋ ಹೇಳುತ್ತಾ ಬಂದಳು, ದಾರಿ ಸವೆದದ್ದೇ ಗೊತ್ತಾಗಲಿಲ್ಲ. ತಿರುವು ಬಂತು, ಮಾತು ನಿಂತಿತು. ಬೆನ್ನ ಮೇಲಿದ್ದ ಬ್ಯಾಗನ್ನು ಎದೆಗೆ ತಂದುಕೊಂಡಳು. ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು. ಎಸೆಯಲಿಲ್ಲ, ಹಿಡಿದುಕೊಂಡಳು ಅಷ್ಟೆ. 'ಓಡಬೇಡಿ ಸಾರ್. ಅದರ ಮುಖ ನೋಡಬೇಡಿ' ಅಂದಳು. ನೂರು ಹೆಜ್ಜೆ ಇತ್ತೋ ಏನೋ. ನನಗೂ ಅದು ಅರ್ಧ ಪುಟದಷ್ಟೇ ಆಯಿತು. ಮುಂದಿನ ಸಲ ಹೋದಾಗ ಆ ಕೆಂಪು ಅಕ್ಷರ ಹೊಡೆದು ಹಾಕಿ ಬಂದೆ.

ಆ ದಾರಿಯಲ್ಲಿ ಅವಳಿಗೆ ಕೆಲಸ ಇತ್ತು. ಎಲ್ಲಿ ಮಾತು ನಿಲ್ಲಿಸಬೇಕು, ಎಲ್ಲಿ ಬಗ್ಗಬೇಕು, ಯಾವ ಕಡೆಯಿಂದ ಹೋಗಬೇಕು ಅಂತ ಅವಳೇ ತೀರ್ಮಾನಿಸಬೇಕಿತ್ತು. ತೀರ್ಮಾನ ಮಾಡಿದ ಜಾಗ ತಲೆಯಲ್ಲಿ ದೊಡ್ಡದಾಗಿ ಕೂರುತ್ತದೆ. ವ್ಯಾನಿನ ಹುಡುಗನಿಗೂ ಬುದ್ಧಿ ಕಮ್ಮಿ ಇರಲಿಲ್ಲ, ಅವನಿಗೆ ದಾರಿಯಲ್ಲಿ ಏನೂ ಕೆಲಸ ಇರಲಿಲ್ಲ ಅಷ್ಟೆ. ನಿಮ್ಮ ಮಗಳ ಸಮಸ್ಯೆಯೂ ಇದೇ ಅಂತ ನನ್ನ ಅಂದಾಜು. ಕಾಲಲ್ಲಿ ನಡೆಯಲಿಲ್ಲ ಅನ್ನೋದಕ್ಕಿಂತ, ಯಾವ ತಿರುವಿನಲ್ಲೂ ಅವಳನ್ನು ಯಾರೂ ಕೇಳಲಿಲ್ಲ ಅನ್ನೋದೇ ದೊಡ್ಡ ಕಾರಣ.

ಇದಕ್ಕೆ ಒಂದು ಹಳೆಯ ಪ್ರಯೋಗದ ಆಧಾರ ಇದೆ. 1963ರಲ್ಲಿ ಅಮೆರಿಕದಲ್ಲಿ ಹೆಲ್ಡ್ ಮತ್ತು ಹೈನ್ ಅನ್ನುವ ಇಬ್ಬರು ವಿಜ್ಞಾನಿಗಳು ಕತ್ತಲೆಯಲ್ಲಿ ಬೆಳೆದ ಬೆಕ್ಕಿನ ಮರಿಗಳನ್ನು ಜೋಡಿ ಜೋಡಿಯಾಗಿ ಒಂದು ತಿರುಗಣಿಗೆ ಕಟ್ಟಿದರು. ಒಂದು ಮರಿ ತಾನೇ ನಡೆದು ಸುತ್ತುತ್ತಿತ್ತು. ಇನ್ನೊಂದು ಸಣ್ಣ ತೊಟ್ಟಿಲಿನಲ್ಲಿ ಕೂತು ಅದರ ಜೊತೆಗೇ ಸುತ್ತುತ್ತಿತ್ತು. ಎರಡೂ ನೋಡಿದ್ದು ಹೆಚ್ಚುಕಡಿಮೆ ಅದನ್ನೇ. ಆದರೆ ಹೊರಗೆ ಬಿಟ್ಟಾಗ ನಡೆದ ಮರಿಗೆ ಆಳ, ಅಂಚು ಅಂದಾಜಾಗುತ್ತಿತ್ತು, ಕೂತ ಮರಿಗೆ ಆಗಲಿಲ್ಲ. ಬೆಕ್ಕಿನ ವಿಷಯವನ್ನು ಮಕ್ಕಳಿಗೆ ಹಾಗೇ ಅಂಟಿಸಬಾರದು, ಒಪ್ಪುತ್ತೇನೆ. ಪಾಪ, ಆ ಮರಿಗಳ ಬಗ್ಗೆಯೂ ನನಗೆ ಬೇಜಾರಿದೆ. ಆದರೆ ಮನುಷ್ಯರಲ್ಲೂ ಹತ್ತಿರದ್ದೇ ಒಂದು ಸಂಗತಿ ಕಂಡಿತು. ಡೊನಾಲ್ಡ್ ಆಪಲ್‌ಯಾರ್ಡ್ ಅನ್ನುವ ನಗರ ಯೋಜಕರು ವೆನೆಜುವೆಲಾದ ಒಂದು ಹೊಸ ಪಟ್ಟಣದಲ್ಲಿ ಜನರ ಕೈಲಿ ಊರಿನ ನಕ್ಷೆ ಬರೆಸಿದರು. ಬಸ್ಸಿನಲ್ಲೇ ಓಡಾಡುವವರಲ್ಲಿ ಹೆಚ್ಚಿನವರಿಗೆ ಬಿಡಿ ಬಿಡಿ ಜಾಗ ಬಂತು, ಒಂದಕ್ಕೊಂದು ಜೋಡಿಸಲು ಆಗಲಿಲ್ಲ. ಗಾಡಿ ಓಡಿಸುವವರು ಜೋಡಿಸಿದರು. ಇಬ್ಬರೂ ಕೂತೇ ಹೋಗುವವರು ತಾನೇ? ವ್ಯತ್ಯಾಸ ಇದ್ದದ್ದು ಸ್ಟೀರಿಂಗ್ ಯಾರ ಕೈಲಿತ್ತು ಅನ್ನೋದರಲ್ಲಿ.

ಇದೇ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ನಡೆದ ಮಾತ್ರಕ್ಕೆ ದಾರಿ ಬರಲ್ಲ. ಅಪ್ಪನ ಕೈ ಹಿಡಿದು ದರದರ ಎಳೆಸಿಕೊಂಡು ಹೋಗುವ ಮಗುವಿಗೆ ಅಪ್ಪನ ಕೈಗಡಿಯಾರ ಗೊತ್ತಿರುತ್ತೆ, ದಾರಿ ಗೊತ್ತಿರಲ್ಲ. ಬೈಕಿನಲ್ಲಿ ಹಿಂದೆ ಕೂತವರಿಗೆ ಅಂಗಿಯ ಬೆನ್ನು.

ಮಕ್ಕಳಲ್ಲಿ ದಾರಿಯ ತಿಳಿವಳಿಕೆ ಬೆಳೆಯೋದು ಹೇಗೆ ಅಂತ 1975ರಲ್ಲಿ ಸೀಗಲ್ ಮತ್ತು ವೈಟ್ ಅನ್ನುವವರು ಒಂದು ಕ್ರಮ ಹೇಳಿದರು. ಮೊದಲು ಗುರುತುಗಳು: ಬೇಕರಿ, ದೇವಸ್ಥಾನ, ಟವರ್. ಆಮೇಲೆ ಒಂದು ಗುರುತಿನಿಂದ ಇನ್ನೊಂದಕ್ಕೆ ಎಳೆ. ಕೊನೆಗೆ ಇಡೀ ಊರನ್ನು ಮೇಲಿನಿಂದ ನೋಡಿದ ಹಾಗೆ ಕಾಣೋದು, 'ಆ ಗಲ್ಲಿಯಲ್ಲಿ ನುಗ್ಗಿದರೆ ಬೇಗ ಆಗುತ್ತೆ' ಅಂತ ಹೊಳೆಯೋದು. ಮೆಟ್ಟಿಲು ಅಷ್ಟು ನೇರ ಇಲ್ಲ, ಮೂರೂ ಒಟ್ಟೊಟ್ಟಿಗೆ ಬೆಳೆಯಬಹುದು ಅಂತ ಆಮೇಲಿನವರು ತಿದ್ದಿದರು. ಆದರೂ ಮನೆಯಲ್ಲಿ ಮಗುವನ್ನು ಗಮನಿಸೋಕೆ ಇದು ಸಾಕು. ನಿಮ್ಮ ಮಗಳ ಹಾಳೆಯಲ್ಲಿ ಗುರುತು ಇರಬಹುದು, ಎಳೆ ಇರಲಿಕ್ಕಿಲ್ಲ. ಎಳೆ ಹಾಕುವ ಕೆಲಸವನ್ನು ವ್ಯಾನೇ ಮಾಡಿಬಿಡುತ್ತೆ ಅಲ್ವಾ?

ಇದು ನಮ್ಮ ಊರಿನ ಕಾಯಿಲೆ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ ಮೇಯರ್ ಹಿಲ್‌ಮನ್ ಅನ್ನುವವರ ತಂಡ ಲೆಕ್ಕ ಹಾಕಿತ್ತು. 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ 100ಕ್ಕೆ 80 ಜನ ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ಕ್ಕೆ ಅದು 9ಕ್ಕೆ ಇಳಿಯಿತು. ಮಕ್ಕಳ ಸಾಮರ್ಥ್ಯ ಇಪ್ಪತ್ತು ವರ್ಷದಲ್ಲಿ ಹಾಗೆ ಬಿದ್ದುಹೋಗುತ್ತಾ? ರಸ್ತೆಯಲ್ಲಿ ಕಾರು ಜಾಸ್ತಿಯಾಯಿತು, ಅಪ್ಪ ಅಮ್ಮಂದಿರಿಗೆ ಹೆದರಿಕೆ ಜಾಸ್ತಿಯಾಯಿತು. ಹೆದರಿಕೆಯಿಂದ ಮಕ್ಕಳನ್ನು ಕಾರಿನಲ್ಲಿ ಬಿಟ್ಟರು, ಅದರಿಂದ ಕಾರು ಇನ್ನೂ ಜಾಸ್ತಿಯಾಯಿತು. ಬೆಳಗ್ಗೆ ಒಂಬತ್ತಕ್ಕೆ ಹಾಸನದ ಯಾವುದೇ ದೊಡ್ಡ ಶಾಲೆಯ ಗೇಟಿನ ಮುಂದೆ ನಿಂತರೆ ಈ ಚಕ್ರ ತಿರುಗೋದು ಕಣ್ಣಾರೆ ಕಾಣುತ್ತೆ.

ಈಗ ನಿಮ್ಮ 'ಪ್ರತಿ ಮರ ಗೊತ್ತಿತ್ತು' ಅನ್ನೋ ಮಾತಿಗೆ ಬರುತ್ತೇನೆ. ಅದು ಬರೀ ನಕ್ಷೆಯ ವಿಷಯ ಅಲ್ಲ. ನಡೆದು ಹೋಗುವ ಮಗುವಿಗೆ ಕಾಲ ಗೊತ್ತಿರುತ್ತೆ. ಮಾರ್ಚ್ ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳಿದಾಗ ತೋಟದ ದಾರಿಯ ವಾಸನೆಯೇ ಬದಲಾಗುತ್ತೆ. ನೇರಳೆ ಹಣ್ಣು ಯಾವ ಮರದ್ದು ಸಿಹಿ, ಯಾವ ಮರದ್ದು ಒಗರು, ಯಾವ ಮರದ ಯಜಮಾನರು ಬೈಯುತ್ತಾರೆ, ಎಲ್ಲ ಸೇರಿಯೇ ಒಂದು ತಿಳಿವಳಿಕೆ. ಅರಸೀಕೆರೆ, ಕಡೂರಿನ ಕಡೆ ಹೋದರೆ ಎಲಚಿ ಹಣ್ಣು, ಹುಣಸೆಕಾಯಿ. ಅಲ್ಲಿಯ ಮಕ್ಕಳ ಚಿತ್ರದಲ್ಲಿ ಕೆರೆ ಏರಿ, ತೂಬು, ಕೋಡಿ ಬಂದೇ ಬರುತ್ತಿದ್ದವು.

ನನಗೆ ಬಹಳ ಇಷ್ಟವಾದ ಒಂದು ವ್ಯತ್ಯಾಸ ಇದೆ. ಬಯಲು ಕಡೆಯ ಮಕ್ಕಳನ್ನು ದಾರಿ ಕೇಳಿದರೆ 'ಮೂಡಲ ಕಡೆ ಹೋಗಿ, ಆಮೇಲೆ ಪಡುವಲಕ್ಕೆ ತಿರುಗಿ' ಅನ್ನುವವರು ಸಿಗುತ್ತಿದ್ದರು. ಮೂಡಿಗೆರೆ, ಸಕಲೇಶಪುರದ ಮಕ್ಕಳ ಬಾಯಲ್ಲಿ ದಿಕ್ಕು ಬರೋದು ಕಮ್ಮಿ. 'ಮೇಲಕ್ಕೆ ಹತ್ತಿ, ಹಳ್ಳಕ್ಕೆ ಇಳಿದು, ಕೆಳಗಿನ ಮನೆ ಹತ್ತಿರ' ಅನ್ನುತ್ತಿದ್ದರು. ನೆಲ ಇಳಿಜಾರಾಗಿದ್ದರೆ ಸೂರ್ಯನಿಗಿಂತ ನೀರೇ ದಿಕ್ಕು ಹೇಳುತ್ತೆ. ಬಿಸ್ಲೆ ಹತ್ತಿರ ಮಂಕನಹಳ್ಳಿಯಲ್ಲಿ ಒಂದು ದಿಣ್ಣೆ ಇದೆ. ಅದರ ಒಂದು ಕಡೆಗೆ ಬಿದ್ದ ಮಳೆ ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಕಡೆಗೆ ಬಿದ್ದದ್ದು ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಪುಸ್ತಕದಲ್ಲಿ ಒಂದು ಪುಟ ಬೇಕಾಗುವ ಪಾಠ ಅಲ್ಲಿ ಒಂದು ಹೆಜ್ಜೆಯ ಪಾಠ.

ಹೆಸರುಗಳ ವಿಷಯವೂ ಹಾಗೇ. ಚಿಕ್ಕಮಗಳೂರಿನಿಂದ ಗಿರಿಗೆ ಹೋಗುವಾಗ ಕೈಮರ ಸಿಗುತ್ತೆ. ಮೂಡಿಗೆರೆ ಕಡೆ ಹ್ಯಾಂಡ್‌ಪೋಸ್ಟ್ ಇದೆ. ಎರಡೂ ಒಂದೇ ಮಾತು: ದಾರಿ ಕವಲೊಡೆಯುವ ಜಾಗದಲ್ಲಿ ಕೈ ಚಾಚಿ ನಿಂತ, ಊರಿನ ಹೆಸರು ಬರೆದ ಮರದ ಕಂಬ. ಆ ಕಂಬ ಹೋದ ಮೇಲೂ ಹೆಸರು ಉಳಿಯುತ್ತೆ, ಕಂಡಕ್ಟರ್ ದಿನಾ ಕೂಗುತ್ತಾರೆ. ಬಸ್ಸಿನಲ್ಲಿ ಹೋಗುವ ಹೈಸ್ಕೂಲ್ ಮಕ್ಕಳಿಗೆ ಇಂಥ ಸ್ಟಾಪುಗಳ ಹೆಸರು ಮಗ್ಗಿಯ ಹಾಗೆ ಬರುತ್ತೆ. ವ್ಯಾನಿನ ಮಕ್ಕಳಿಗೆ ಆ ಲಾಭವೂ ಇಲ್ಲ. ಅಲ್ಲಿ ಸ್ಟಾಪಿಗೆ ಹೆಸರಿಲ್ಲ, 'ಪ್ರೀತಿ ಮನೆ', 'ಕುಶಾಲ್ ಮನೆ' ಅಷ್ಟೆ. ಅದೂ ಒಂದು ನಕ್ಷೆಯೇ ಅನ್ನಿ.

ಇಷ್ಟು ಹೇಳಿದ ಮೇಲೆ, ನಡೆದು ಹೋಗುವ ಕಾಲವೇ ಚೆನ್ನಾಗಿತ್ತು ಅಂತ ನಾನು ಹಾಡಲ್ಲ. ನೆನಪಿನಲ್ಲಿ ಮರ ಉಳಿಯುತ್ತೆ, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಮರೆತುಹೋಗುತ್ತೆ. ಒದ್ದೆ ಯೂನಿಫಾರಮ್ಮಿನಲ್ಲೇ ಸಂಜೆವರೆಗೂ ಕೂತದ್ದು ಮರೆತುಹೋಗುತ್ತೆ. ಮಳೆಗಾಲದಲ್ಲಿ ಹಳ್ಳ ಉಕ್ಕಿದಾಗ ಎರಡು ಅಡಿಕೆ ಮರ ಹಾಕಿದ ಕಾಲುಸಂಕದ ಮೇಲೆ ದಾಟಿದ್ದು ಸಾಹಸ ಅಂತ ಈಗ ಅನ್ನಿಸಬಹುದು. ಜಾರಿ ಬಿದ್ದು ಹೋದ ಮಕ್ಕಳೂ ಇದ್ದಾರೆ. ಅದಕ್ಕೇ ಸರ್ಕಾರ ಮಲೆನಾಡು, ಕರಾವಳಿಯಲ್ಲಿ ಕಿರುಸೇತುವೆ ಕಟ್ಟಲು 'ಶಾಲಾ ಸಂಪರ್ಕ ಸೇತು' ಅಂತ ಯೋಜನೆಯನ್ನೇ ತರಬೇಕಾಯಿತು. ಹೈಸ್ಕೂಲು ದೂರ ಅಂತ ಏಳನೇ ಕ್ಲಾಸಿಗೇ ಓದು ಬಿಟ್ಟ ಹೆಣ್ಣುಮಕ್ಕಳು ನಿಮ್ಮ ಊರಿನಲ್ಲೂ ಇದ್ದಿರಬೇಕು. 2006-07ರಲ್ಲಿ ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ್ದು ಆ ದೂರವನ್ನು ಕಮ್ಮಿ ಮಾಡೋಕೆ. ಕಾನೂನಿನ ಲೆಕ್ಕದಲ್ಲಿ ಕಿರಿಯ ಪ್ರಾಥಮಿಕ ಶಾಲೆ 1 ಕಿಲೋಮೀಟರ್, ಹಿರಿಯ ಪ್ರಾಥಮಿಕ ಶಾಲೆ 3 ಕಿಲೋಮೀಟರ್ ಒಳಗೆ ಇರಬೇಕು. ಮಲೆನಾಡಿನಲ್ಲಿ ಒಂದು ಕಿಲೋಮೀಟರ್ ಅಂದರೆ ಎಷ್ಟು ಏರು, ಎಷ್ಟು ಹಳ್ಳ ಅಂತ ಕಾನೂನಿಗೆ ಹೇಗೆ ಗೊತ್ತಾಗಬೇಕು?

ಇನ್ನು ಆನೆ. ನಿಮ್ಮ ಮಾವನವರ ಕಡೆಯೇ ಕೇಳಿ ನೋಡಿ. ಆಲೂರು, ಸಕಲೇಶಪುರ, ಬೇಲೂರು ಭಾಗದಲ್ಲಿ ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬರುತ್ತೆ, ಅದನ್ನು ನೋಡಿಕೊಂಡೇ ಮಕ್ಕಳನ್ನು ಹೊರಗೆ ಬಿಡುವ ಮನೆಗಳಿವೆ. ಲದ್ದಿ ನೋಡಿ ಹೊಸದೋ ಹಳೆಯದೋ ಹೇಳುವ ಮಕ್ಕಳನ್ನು ನಾನು ಕಂಡಿದ್ದೇನೆ. ದೊಡ್ಡ ತಿಳಿವಳಿಕೆಯೇ. ಆದರೆ ಹತ್ತು ವರ್ಷದ ಮಗುವಿಗೆ ಆ ತಿಳಿವಳಿಕೆ ಬೇಕಾಗಬಾರದಿತ್ತು. ಅಂಥ ಕಡೆ ವ್ಯಾನು ಬಂದರೆ ನಾನೇ ಹತ್ತಿಸಿ ಕಳಿಸುತ್ತೇನೆ.

ಹಾಗಾಗಿ ವ್ಯಾನು ಬಿಡಿಸಿ ಅಂತ ನಿಮಗೂ ಹೇಳಲ್ಲ. ಹತ್ತು ವರ್ಷದೊಳಗಿನ ಮಕ್ಕಳಿಗೆ ಎದುರಿಗೆ ಬರುವ ಗಾಡಿಯ ವೇಗ ಅಂದಾಜು ಮಾಡೋದು ಕಷ್ಟ. ಬಿ.ಎಂ. ರಸ್ತೆಯನ್ನು ಒಬ್ಬಳೇ ದಾಟಲಿ ಅನ್ನುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ. ವ್ಯಾನು ಇರಲಿ, ಮಗಳಿಗೆ ದಾರಿಯಲ್ಲಿ ಒಂದು ಕೆಲಸ ಕೊಡಿ.

ಸುಲಭದ್ದು ಕಿಟಕಿ. ಡ್ರೈವರಣ್ಣನಿಗೆ ಹೇಳಿ ವಾರಕ್ಕೆರಡು ದಿನ ಕಿಟಕಿ ಪಕ್ಕ ಕೂರಿಸಿ, ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಸಂಜೆ ಬಂದಾಗ 'ಏನು ನೋಡಿದೆ' ಅಂತ ಕೇಳಬೇಡಿ, 'ಏನೂ ಇಲ್ಲ' ಅಂತಾಳೆ. 'ಬೇಕರಿ ಆದ ಮೇಲೆ ವ್ಯಾನು ಯಾವ ಕಡೆ ತಿರುಗಿತು?' ಅಂತ ಕೇಳಿ. ದಿನಕ್ಕೆ ಒಂದೇ ತಿರುವು ಸಾಕು. ಅದನ್ನು ಆ ಹಾಳೆಯಲ್ಲಿ ಅವಳೇ ಸೇರಿಸಲಿ. ನೀವು ತಿದ್ದಬೇಡಿ, ಕೆಂಪು ಪೆನ್ನಿನ ಗತಿ ಹೇಳಿದೆನಲ್ಲ.

ಹೆಸರು ಕೆದಕೋದೂ ಒಳ್ಳೆಯ ಆಟ. ಬಿ.ಎಂ. ಅಂದರೆ ಏನು? ಬೆಂಗಳೂರು-ಮಂಗಳೂರು. ಹಾಗಾದರೆ ಈ ರಸ್ತೆಯಲ್ಲಿ ಯಾವ ಕಡೆ ಹೋದರೆ ಸಮುದ್ರ? ತಣ್ಣೀರುಹಳ್ಳದಲ್ಲಿ ಹಳ್ಳ ಎಲ್ಲಿ? ಹುಣಸಿನಕೆರೆಯಲ್ಲಿ ಹುಣಸೆಮರ ಇದೆಯಾ? ಉತ್ತರ ನಿಮಗೂ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಇಬ್ಬರೂ ಹುಡುಕಬಹುದು. ಮಳೆ ಬಂದ ದಿನ ಮನೆ ಮುಂದಿನ ಚರಂಡಿ ನೀರು ಯಾವ ಕಡೆ ಓಡುತ್ತೆ ನೋಡೋಕೆ ಹೇಳಿ. ಹಾಸನದ ಮಕ್ಕಳಿಗೆ ಊರಿನಲ್ಲಿ ಏರು ಯಾವ ಕಡೆ, ಇಳಿಜಾರು ಯಾವ ಕಡೆ ಅಂತ ಗೊತ್ತೇ ಇರಲ್ಲ. ಸೈಕಲ್ ತುಳಿಯುವ ಮಕ್ಕಳಿಗೆ ಮಾತ್ರ ಕಾಲು ಹೇಳಿಕೊಡುತ್ತೆ.

ಎಲ್ಲಕ್ಕಿಂತ ಮುಖ್ಯ ಭಾನುವಾರದ ನಡಿಗೆ. ಶಾಲೆಯ ಗೇಟಿನಿಂದ ಶುರು ಮಾಡಿ ಮನೆಗೆ ಬನ್ನಿ. ಬರುವ ದಾರಿ ಹೋಗುವ ದಾರಿಯ ಹಾಗೆ ಕಾಣಲ್ಲ, ದೊಡ್ಡವರೂ ತಪ್ಪೋದು ವಾಪಸ್ ಬರುವಾಗಲೇ. ಅವಳು ಮುಂದೆ, ನೀವು ನಾಲ್ಕು ಹೆಜ್ಜೆ ಹಿಂದೆ. ರಸ್ತೆ ದಾಟುವಾಗ ಮಾತ್ರ ಕೈ ಹಿಡಿಯಿರಿ. ಎರಡು ಮೂರು ವಾರ ಆದ ಮೇಲೆ ವ್ಯಾನಿನವರನ್ನು ಒಪ್ಪಿಸಿ, ಸಂಜೆ ಮನೆ ಬಾಗಿಲಿಗೆ ಬಿಡುವ ಬದಲು ನಿಮ್ಮ ರಸ್ತೆಯ ತುದಿಗೆ ಬಿಡಲಿ. ನೀವು ಗೇಟಿನಲ್ಲಿ ನಿಂತಿರಿ. ಆ ಇನ್ನೂರು ಮುನ್ನೂರು ಮೀಟರ್ ಅವಳದು. ನಾಯಿ ಇದ್ದರೆ ನಾಯಿಯೂ ಅವಳದೇ, ನೀವು ಅಲ್ಲೇ ಇರುತ್ತೀರಲ್ಲ.

ಇದೆಲ್ಲ ಈಗ ತಡವಾಯಿತಾ ಅನ್ನಬೇಡಿ. ಮೇಲೆ ಹೇಳಿದ ಆಪಲ್‌ಯಾರ್ಡ್ 1982ರಲ್ಲಿ ಅಥೆನ್ಸ್‌ನಲ್ಲಿ ವೇಗವಾಗಿ ಬಂದ ಕಾರು ಬಡಿದು ತೀರಿಕೊಂಡರು. ಜೀವಮಾನವಿಡೀ ಬೀದಿ ಮತ್ತು ಗಾಡಿಗಳ ಬಗ್ಗೆ ಯೋಚಿಸಿದವರು. ಅವರ ಮಗ ಬ್ರೂಸ್ ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತು ಹತ್ತು ವರ್ಷದ ಮಕ್ಕಳ ಕೈಲೇ ನಕ್ಷೆ ಬರೆಸಿದರು. ಗಾಡಿ ಜಾಸ್ತಿ ಇದ್ದ ಬಡಾವಣೆಯ ಮಕ್ಕಳ ನಕ್ಷೆಯಲ್ಲಿ ಹೆದರಿಕೆಯ ಜಾಗಗಳೇ ಹೆಚ್ಚು. ಅಲ್ಲಿ ನಡೆಯೋಕೆ ದಾರಿ ಮಾಡಿಕೊಟ್ಟ ಮೇಲೆ ಮತ್ತೆ ಬರೆಸಿದಾಗ ಹೆದರಿಕೆ ಕಮ್ಮಿಯಾಗಿತ್ತು. ನಿಮ್ಮ ಮಗಳದೂ ಅದೇ ವಯಸ್ಸು.

ಇನ್ನು ನಿಮ್ಮ ಮಾವನವರು. ಅವರಿಗೂ ಒಂದು ಹಾಳೆ ಕೊಡಿ, ತಾವು ಶಾಲೆಗೆ ಹೋದ ದಾರಿ ಬರೆಯಲಿ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಆಲೂರಿನ ಕಡೆ ಎಷ್ಟೋ ದಾರಿ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿವೆ. ಅವರ ದಾರಿಯಲ್ಲೂ ನೀರು ಬಂದಿರಬಹುದು. ಮೊಮ್ಮಗಳು ಪಕ್ಕದಲ್ಲಿ ಕೂತು ನೋಡಲಿ. ಆಮೇಲೆ ಮುಂದಿನ ಭಾನುವಾರ ತಾತ ಮೊಮ್ಮಗಳು ಇಬ್ಬರನ್ನೇ ಶಾಲೆಯಿಂದ ಮನೆಗೆ ನಡೆದು ಬರೋಕೆ ಬಿಡಿ, ದಾರಿ ತೋರಿಸೋದು ಅವಳು. ತಪ್ಪು ತಿರುವು ತೆಗೆದುಕೊಂಡರೂ ಬಾಯಿ ಬಿಡಬಾರದು ಅಂತ ತಾತನಿಗೆ ಮೊದಲೇ ಹೇಳಿರಿ, ಅವರಿಗೆ ಅದೇ ಕಷ್ಟ. ಒಂದು ಐವತ್ತು ಹೆಜ್ಜೆ ಹೋದ ಮೇಲೆ ಅವಳೇ ನಿಂತು ಸುತ್ತ ನೋಡುತ್ತಾಳೆ. ಆಗಲೂ ಸುಮ್ಮನಿರಲಿ.